ಪಕ್ಕದ ಮನೆಯ ಗೋಡೆ ಯಾರ ಲೆಕ್ಕಕ್ಕೆ?

ಗುದ್ದಲಿ ಪೂಜೆ ಮುಗಿದಿದೆ. ಈಶಾನ್ಯ ಮೂಲೆಯ ಗುಂಡಿಗೆ ನವಧಾನ್ಯ, ಹಾಲು, ಒಂದು ನಾಣ್ಯ ಬಿದ್ದಿವೆ. ಸೈಟಿನ ಮುಂದೆ ದೃಷ್ಟಿಗೊಂಬೆ ನಾಲಗೆ ಚಾಚಿ ನಿಂತಿದೆ. ಮೂವತ್ತು ನಲವತ್ತರ ಸೈಟು, ಕೆಳಗೆ ಕಾರು ನಿಲ್ಲಿಸಲು ಸೆಲ್ಲಾರು, ಮೇಲೆ ಮೂರು ಮಹಡಿ. ಮರುದಿನ ಜೆಸಿಬಿ ಬಂದು ಹತ್ತಡಿ ಆಳಕ್ಕೆ ಮಣ್ಣು ತೆಗೆಯುತ್ತದೆ. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿ, "ಏನಪ್ಪಾ, ನಮ್ಮ ಪಾಯದ ಬುಡದವರೆಗೂ ಬಂದುಬಿಟ್ರಲ್ಲ" ಎನ್ನುತ್ತಾರೆ. ಮೇಸ್ತ್ರಿಯ ಬಾಯಲ್ಲಿ ಉತ್ತರ ಸಿದ್ಧವಾಗಿಯೇ ಇದೆ: "ಏನೂ ಆಗಲ್ಲ ಅಜ್ಜಿ, ನಾವಿದ್ದೀವಲ್ಲ."

ನಮ್ಮ ಊರುಗಳಲ್ಲಿ ಏಳುತ್ತಿರುವ ಎಷ್ಟೋ ಕಟ್ಟಡಗಳಿಗೆ ಇರುವ ವಿಮೆ ಈ ಒಂದು ಮಾತು ಮಾತ್ರ.

ನಾಲ್ಕನೇ ರಾತ್ರಿ ಮಳೆ ಹೊಯ್ಯುತ್ತದೆ ಎಂದಿಟ್ಟುಕೊಳ್ಳಿ. ಬೆಳಗಾಗುವಾಗ ಅಜ್ಜಿಯ ಕಾಂಪೌಂಡು ಗುಂಡಿಯೊಳಗೆ ಮಲಗಿದೆ, ಅಡುಗೆಮನೆಯ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ. ಬೀದಿಯವರೆಲ್ಲ ಸೇರುತ್ತಾರೆ. "ನಾನು ಕಂಟ್ರಾಕ್ಟ್ ಕೊಟ್ಟಿದ್ದೀನಿ, ಅವರನ್ನೇ ಕೇಳಿ" ಎನ್ನುತ್ತಾರೆ ಮನೆ ಕಟ್ಟಿಸುವವರು. "ಮಣ್ಣಿನ ಕೆಲಸ ಬೇರೆಯವರಿಗೆ ಬಿಟ್ಟಿದ್ದೆ" ಎನ್ನುತ್ತಾರೆ ಗುತ್ತಿಗೆದಾರರು. "ಗೆರೆ ಹಾಕಿದ್ದು ಮೇಸ್ತ್ರಿ, ನಾನು ಗಂಟೆ ಲೆಕ್ಕದವನು" ಎನ್ನುತ್ತಾನೆ ಜೆಸಿಬಿ ಡ್ರೈವರ್. ಎಂಜಿನಿಯರ್ ಸಾಹೇಬರ ಡ್ರಾಯಿಂಗಿನಲ್ಲಿ ಎಲ್ಲವೂ ಸರಿಯಾಗಿಯೇ ಇದೆ. ಅಜ್ಜಿ ಮಾತ್ರ ಟಾರ್ಪಾಲಿನ ಕೆಳಗೆ ಒಲೆ ಹಚ್ಚುತ್ತಾರೆ.

ಈ ಜಗಳ ಹೊಸದೇನಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಇದೇ ನಡೆದಿತ್ತು. ಸರ್ಕಾರಿ ಕಟ್ಟಡವೊಂದಕ್ಕಾಗಿ ಹಳೆಯ ಮನೆ ಕೆಡವಿ ನೆಲ ಅಗೆದರು, ಪಕ್ಕದಲ್ಲಿದ್ದ ಗಾಡಿ ತಯಾರಿಸುವ ಕಾರ್ಖಾನೆ ಕುಸಿಯಿತು. ಅಗೆದವನು ಉಪಗುತ್ತಿಗೆದಾರ. ಮುಖ್ಯ ಗುತ್ತಿಗೆದಾರ ಡಾಲ್ಟನ್, "ಅಗೆದದ್ದು ನಾನಲ್ಲ" ಎಂದ. ಪ್ರಕರಣ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 1881ರಲ್ಲಿ ತೀರ್ಮಾನವಾಯಿತು: ನೆರೆಯವರ ನೆಲದ ಆಸರೆ ತೆಗೆಯುವಂಥ ಅಪಾಯದ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡಬಹುದು, ಅದರ ಹೊಣೆಯನ್ನು ಮಾತ್ರ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಮರುವರ್ಷವೇ ಬಂದ ಭಾರತದ 1882ರ ಈಸ್‌ಮೆಂಟ್ ಕಾಯ್ದೆ, ಪಕ್ಕದ ನೆಲದಿಂದ ಸಹಜವಾಗಿ ಸಿಗುವ ಆಸರೆ ಪ್ರತಿ ಭೂಮಾಲೀಕನ ಹಕ್ಕು ಎಂದು ಏಳನೇ ಕಲಮಿನಲ್ಲಿ ಹೇಳುತ್ತದೆ. ಆ ನೆಲದ ಮೇಲೆ ಕಟ್ಟಿದ ಮನೆಯ ಭಾರಕ್ಕೂ 20 ವರ್ಷ ಅಡೆತಡೆಯಿಲ್ಲದೆ ಆಸರೆ ಸಿಕ್ಕಿದ್ದರೆ ಅದೂ ಹಕ್ಕಾಗುತ್ತದೆ. ಮನೆ ಅದಕ್ಕಿಂತ ಹೊಸದಾದರೂ ಅಜಾಗರೂಕತೆಯ ಹೊಣೆ ತಪ್ಪುವುದಿಲ್ಲ. ಜೀವ ಹೋದರೆ ಸತ್ತವರ ಮನೆಯವರು ಪರಿಹಾರ ಕೇಳಲು 1855ರಷ್ಟು ಹಿಂದಿನ ಫೇಟಲ್ ಆಕ್ಸಿಡೆಂಟ್ಸ್ ಕಾಯ್ದೆ ಇದೆ.

ಹಾಗಾಗಿ ಯಾರು ಹೊಣೆ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ. ಆ ಹೊಣೆ ತೀರಿಸುವ ಹಣ ಎಲ್ಲಿದೆ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿಲ್ಲ. ಚದರಕ್ಕೆ ಇಷ್ಟು ಎಂದು ಒಪ್ಪಿಕೊಂಡು, ಒಂದು ಕೆಲಸದ ಅಡ್ವಾನ್ಸಿನಲ್ಲಿ ಇನ್ನೊಂದರ ಬಟವಾಡೆ ಮಾಡುತ್ತಾ ನಡೆಯುವ ಸಣ್ಣ ಗುತ್ತಿಗೆದಾರರ ಮೇಲೆ ಇಪ್ಪತ್ತು ಲಕ್ಷದ ಡಿಕ್ರಿ ತಂದು ಅಜ್ಜಿ ಏನು ಮಾಡಬೇಕು? ಡಿಕ್ರಿಗೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕೋಣವೆಂದರೆ ಗೋಡೆಯೂ ಇಲ್ಲ. ಹೊಣೆ ವಿಮೆ ಬೇಕಾಗುವುದು ಈ ಜಾಗದಲ್ಲಿ.

ಅಮೆರಿಕದಲ್ಲಿ ಕಟ್ಟಡದ ಗುತ್ತಿಗೆದಾರರು ಕೆಲಸ ಕೇಳಲು ಹೋದಾಗ ಅವರ ಮುಂದೆ ಬರುವ ಮೊದಲ ಪ್ರಶ್ನೆಗಳಲ್ಲಿ ಒಂದು "ಜನರಲ್ ಲಯಬಿಲಿಟಿ ಸರ್ಟಿಫಿಕೇಟ್ ಎಲ್ಲಿ?" ಎಂಬುದು. ಅವರ ಕೆಲಸದಿಂದ ಹೊರಗಿನವರಿಗೆ ಗಾಯವಾದರೆ, ಆಸ್ತಿ ಹಾಳಾದರೆ ವಿಮಾ ಕಂಪನಿ ತುಂಬಿಕೊಡುತ್ತದೆ, ನ್ಯಾಯಾಲಯದಲ್ಲಿ ವಕೀಲರನ್ನೂ ನಿಲ್ಲಿಸುತ್ತದೆ. ಭಾರತದಲ್ಲೂ ಕಮರ್ಷಿಯಲ್ ಜನರಲ್ ಲಯಬಿಲಿಟಿ ಎಂಬ ಹೆಸರಿನಲ್ಲೇ ಈ ಪಾಲಿಸಿ ಸಿಗುತ್ತದೆ. ಆದರೆ ನಮ್ಮ ಕಟ್ಟಡ ವ್ಯವಹಾರದಲ್ಲಿ ಹೆಚ್ಚು ರೂಢಿಯಲ್ಲಿರುವುದು ಇನ್ನೊಂದು: ಕಂಟ್ರಾಕ್ಟರ್ಸ್ ಆಲ್ ರಿಸ್ಕ್. ವ್ಯವಹಾರದವರ ಬಾಯಲ್ಲಿ ಕಾರ್ ಪಾಲಿಸಿ. ಈ ಹೆಸರು ಕೇಳಿ, "ಕಾರಿಗೆ ಇನ್ಶೂರೆನ್ಸ್ ಇದೆಯಲ್ಲ" ಎಂದು ಗೊಂದಲಪಟ್ಟವರೂ ಇದ್ದಾರೆ. ಈ ಬಗೆಯ ಮೊದಲ ಪಾಲಿಸಿ 1929ರಲ್ಲಿ ಲಂಡನ್ನಿನ ಲ್ಯಾಂಬೆತ್ ಸೇತುವೆ ಕಟ್ಟುವಾಗ ಬರೆದದ್ದು ಎಂದು ವಿಮಾ ಚರಿತ್ರೆ ಹೇಳುತ್ತದೆ.

ಇನ್ನೊಂದು ಹೆಸರಿನ ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. 1991ರ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಕಾಯ್ದೆಯನ್ನು ನೋಡಿ, ಸಾರ್ವಜನಿಕರ ಹೊಣೆ ವಿಮೆ ಕಡ್ಡಾಯವಾಗಿದೆಯಲ್ಲ ಎನ್ನುವವರಿದ್ದಾರೆ. ಭೋಪಾಲ್ ದುರಂತದ ನೆರಳಿನಲ್ಲಿ ಬಂದ ಆ ಕಾಯ್ದೆ ಅಪಾಯಕಾರಿ ರಾಸಾಯನಿಕಗಳನ್ನು ಇಟ್ಟುಕೊಳ್ಳುವವರಿಗೆ ಸಂಬಂಧಿಸಿದ್ದು. ಸಿಮೆಂಟು, ಜಲ್ಲಿ, ಕಬ್ಬಿಣ ಅದರ ಪಟ್ಟಿಯಲ್ಲಿಲ್ಲ.

ಕಾರ್ ಪಾಲಿಸಿಯನ್ನು ಎರಡು ಕೋಣೆಗಳ ಮನೆ ಎಂದುಕೊಳ್ಳಿ. ಮೊದಲ ಕೋಣೆ ನಿಮ್ಮ ಕಟ್ಟಡದ್ದು. ಕಟ್ಟುತ್ತಿರುವಾಗ ಬೆಂಕಿ ಬಿದ್ದರೆ, ನೆರೆ ನುಗ್ಗಿದರೆ, ಸೈಟಿನಿಂದ ಕಬ್ಬಿಣ ಕಳುವಾದರೆ, ಆರ್‌ಸಿಸಿ ಹಾಕುವಾಗ ಸೆಂಟ್ರಿಂಗ್ ಕುಸಿದರೆ ಆದ ನಷ್ಟ ಇಲ್ಲಿಂದ ಸಿಗುತ್ತದೆ. ಎರಡನೆಯ ಕೋಣೆ ಹೊರಗಿನವರದ್ದು. ಇದಕ್ಕೇ ಥರ್ಡ್ ಪಾರ್ಟಿ ಲಯಬಿಲಿಟಿ ಎಂದು ಹೆಸರು. ಬ್ಯಾಂಕಿನವರು ಸಾಲ ಕೊಡುವಾಗ ಕೇಳುವುದು ಮೊದಲ ಕೋಣೆಯನ್ನು, ಏಕೆಂದರೆ ಅವರ ದುಡ್ಡು ಇರುವುದು ಕಟ್ಟಡದಲ್ಲಿ. ಅಜ್ಜಿಗೆ ಬೇಕಾದದ್ದು ಎರಡನೆಯದು, ಅದನ್ನು ಕೇಳುವವರು ಅಲ್ಲಿ ಯಾರೂ ಇರುವುದಿಲ್ಲ. ನಮ್ಮಲ್ಲಿ ಈ ಎರಡನೆಯ ಕೋಣೆಗೆ ಬೇರೆ ಪ್ರೀಮಿಯಂ ಕಟ್ಟಬೇಕು. ಏಜೆಂಟರ ಹತ್ತಿರ "ಬಿಲ್ಡಿಂಗಿಗೆ ಒಂದು ಇನ್ಶೂರೆನ್ಸ್ ಮಾಡಿಕೊಡಿ" ಎಂದರೆ ಮೊದಲ ಕೋಣೆಯ ಬೀಗದ ಕೈ ಮಾತ್ರ ಕೈಗೆ ಬಂದೀತು.

ಹೊರಗಿನವರು ಎಂದರೆ ಯಾರು? ಮೂರನೇ ಮಹಡಿಯ ಸಾರವೆಯಿಂದ ಇಟ್ಟಿಗೆ ಜಾರಿ ದಾರಿಹೋಕರ ತಲೆಗೆ ಬಿದ್ದರೆ ಅವರು ಹೊರಗಿನವರು. ಎದುರು ಮನೆಯ ಕಾರಿನ ಗಾಜು ಒಡೆದರೆ ಆ ಮಾಲೀಕರು ಹೊರಗಿನವರು. ಅದೇ ಇಟ್ಟಿಗೆ ಕೆಳಗೆ ಗಾರೆ ಕಲಸುತ್ತಿದ್ದವನ ಮೇಲೆ ಬಿದ್ದರೆ ಅವನು ಒಳಗಿನವನು, ಈ ಪಾಲಿಸಿಯಿಂದ ಅವನಿಗೆ ಒಂದು ಪೈಸೆಯೂ ಇಲ್ಲ. ಗುತ್ತಿಗೆದಾರರ ವಶದಲ್ಲಿರುವ ಬೇರೆಯವರ ಸಾಮಾನಿಗೂ, ಬಾಡಿಗೆಗೆ ತಂದ ಮಿಕ್ಸರಿಗೂ ಈ ಕೋಣೆಯಲ್ಲಿ ಜಾಗವಿಲ್ಲ. ಒಂದೇ ಸೈಟಿನ ಹಿಂಭಾಗದಲ್ಲಿ ಮಾಲೀಕರ ಹಳೆಯ ಮನೆ ಉಳಿದಿದ್ದರೆ, ಅದು ಹಾಳಾದರೆ ಸಿಗುವಂತೆ ಬೇರೆಯಾಗಿಯೇ ಬರೆಸಿಕೊಳ್ಳಬೇಕು.

ರಸ್ತೆಗೆ ನೋಂದಾಯಿಸಿದ ವಾಹನಗಳಿಂದ ಆದ ಅನಾಹುತವನ್ನೂ ಕಾರ್ ಪಾಲಿಸಿ ಹೊರಗಿಡುತ್ತದೆ, ಅದಕ್ಕೆ ಮೋಟಾರು ವಿಮೆ ಇದೆ ಎಂದು. ಈಗ ಜೆಸಿಬಿಯ ಗತಿ ನೋಡಿ. ಅದಕ್ಕೆ ನಂಬರ್ ಪ್ಲೇಟ್ ಇದೆ, ಮೋಟಾರು ಪಾಲಿಸಿಯೂ ಇದೆ. ಆದರೆ ಇಂಥ ಯಂತ್ರಗಳ ಮೋಟಾರು ಪಾಲಿಸಿಗಳಲ್ಲಿ, ಅದು ರಸ್ತೆಯಲ್ಲಿ ಓಡದೆ ನೆಲ ಅಗೆಯುವ ಉಪಕರಣವಾಗಿ ಕೆಲಸ ಮಾಡುವಾಗ ಆಗುವ ಹೊಣೆಯನ್ನು, ಮೋಟಾರು ಕಾಯ್ದೆ ಕಡ್ಡಾಯ ಮಾಡಿರುವಷ್ಟನ್ನು ಬಿಟ್ಟು, ಕೈಬಿಡುವ ಷರತ್ತು ಇರುವುದುಂಟು. ಒಬ್ಬರು ವಾಹನ ಎಂದು ಹೊರಗಿಟ್ಟರು, ಇನ್ನೊಬ್ಬರು ಉಪಕರಣ ಎಂದು ಹೊರಗಿಟ್ಟರು. ಸೈಟಿನಲ್ಲಿ ಅತಿ ಹೆಚ್ಚು ಅನಾಹುತ ಮಾಡಬಲ್ಲ ಯಂತ್ರ ಎರಡು ಪಾಲಿಸಿಗಳ ನಡುವಿನ ಗಲ್ಲಿಯಲ್ಲಿ ನಿಂತಿದೆ. ಬಾಡಿಗೆಗೆ ಕರೆಸುವ ಮುನ್ನ ಅದರ ಪಾಲಿಸಿಯ ಪ್ರತಿಯನ್ನು ಕೇಳಿ ಓದುವವರು ಎಷ್ಟು ಮಂದಿ?

ಇಷ್ಟೆಲ್ಲ ಮಾಡಿ, ಎರಡನೆಯ ಕೋಣೆಗೂ ಪ್ರೀಮಿಯಂ ಕಟ್ಟಿದ್ದೀರಿ ಎನ್ನೋಣ. ಅಜ್ಜಿಯ ಗೋಡೆಗೆ ಹಣ ಬಂತೇ? ಇನ್ನೂ ಇಲ್ಲ. ಪಾಲಿಸಿಯ ಅದೇ ಭಾಗದ ವಿನಾಯಿತಿಗಳ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿ. ಕಂಪನದಿಂದ, ಇಲ್ಲವೇ ಆಸರೆ ತೆಗೆದದ್ದರಿಂದ ಅಥವಾ ದುರ್ಬಲವಾದದ್ದರಿಂದ ಯಾವುದೇ ಆಸ್ತಿಗೆ, ನೆಲಕ್ಕೆ, ಕಟ್ಟಡಕ್ಕೆ ಆದ ಹಾನಿಗೆ, ಅದರಿಂದ ಜನರಿಗೆ ಆದ ಗಾಯಕ್ಕೆ ಕಂಪನಿ ಹೊಣೆಯಲ್ಲ. ವಿಶೇಷವಾಗಿ ಒಪ್ಪಿ ಬರೆದುಕೊಟ್ಟಿದ್ದರೆ ಮಾತ್ರ ಹೊಣೆ. ಒತ್ತೊತ್ತಾಗಿ ಕಟ್ಟಿದ ನಮ್ಮ ಬಡಾವಣೆಗಳಲ್ಲಿ ನೆರೆಯವರಿಗೆ ಆಗುವ ದೊಡ್ಡ ಹಾನಿಯೇ ಇದು. ಪಾಯ ತೋಡುವುದು, ಸೆಲ್ಲಾರು ಅಗೆಯುವುದು, ಬಂಡೆಗೆ ಬ್ರೇಕರ್ ಹಚ್ಚುವುದು. ಮಳೆಗಾಲಕ್ಕೆಂದು ಕೊಂಡ ಕೊಡೆ, ಮಳೆ ಬರುವಾಗ ಬಿಚ್ಚುವುದಿಲ್ಲ ಎಂದಂತಾಯಿತು.

ಇದು ಮೋಸ ಎನಿಸಬಹುದು. ಕಂಪನಿಯ ಕಡೆಯಿಂದ ನೋಡಿದರೆ ಕಾರಣವೂ ಇದೆ. ಆಸರೆ ತೆಗೆದರೆ ಗೋಡೆ ಬೀಳುವುದು ಆಕಸ್ಮಿಕಕ್ಕಿಂತ ಲೆಕ್ಕಾಚಾರದ ಸಂಗತಿ. ಆನಿಕೆ ಕೊಡದೆ, ಶೀಟ್ ಇಳಿಸದೆ, ಮಣ್ಣಿನ ಪರೀಕ್ಷೆ ಮಾಡಿಸದೆ ಅಗೆದು, ಬಿದ್ದ ಮೇಲೆ ವಿಮೆ ಕೇಳುವವರ ಸಾಲು ದೊಡ್ಡದಿರುತ್ತದೆ ಎಂಬ ಭಯ ಅವರಿಗೆ. ಆದ್ದರಿಂದ ಈ ರಕ್ಷಣೆಯನ್ನು ಬೇರೆ ಎಂಡಾರ್ಸ್‌ಮೆಂಟ್ ಆಗಿ ಇಟ್ಟಿದ್ದಾರೆ, ಅದಕ್ಕೆ ಬೇರೆ ಪ್ರೀಮಿಯಂ, ಬೇರೆ ಷರತ್ತು. ಸಾಮಾನ್ಯವಾಗಿ ಅದು ಕೇಳುವುದು ಮೂರು. ಕೆಲಸ ಶುರುವಾಗುವ ಮೊದಲು ಪಕ್ಕದ ಕಟ್ಟಡ ಗಟ್ಟಿಯಾಗಿತ್ತು ಎಂಬುದಕ್ಕೆ ವರದಿ ಇರಬೇಕು. ಹಾನಿ ತಡೆಯುವ ಕ್ರಮಗಳನ್ನು ಕೈಗೊಂಡಿರಬೇಕು. ಹಾನಿ ಎಂದರೆ ಕಟ್ಟಡದ ಪೂರ್ಣ ಅಥವಾ ಭಾಗಶಃ ಕುಸಿತವಾಗಿರಬೇಕು; ಗಾರೆಯ ಮೇಲಿನ ಕೂದಲೆಳೆ ಬಿರುಕುಗಳಿಗೆ ಹಣವಿಲ್ಲ.

ಈ ಷರತ್ತುಗಳನ್ನು ತಲೆನೋವು ಎನ್ನುವವರಿಗೆ ನನ್ನದೊಂದು ಮಾತು: ವಿಮೆ ಇರಲಿ ಬಿಡಲಿ, ಒಳ್ಳೆಯ ಗುತ್ತಿಗೆದಾರರು ಮಾಡಬೇಕಾದ ಕೆಲಸವೇ ಇದು. ಅಗೆಯುವ ಕೆಲಸದ ಸುರಕ್ಷತೆಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 3764 ಎಂಬ ಸಂಹಿತೆಯೇ ಇದೆ. ಅಗೆಯುವ ಮುನ್ನ ಅಕ್ಕಪಕ್ಕದ ಮನೆಗಳಿಗೆ ಹೋಗಿ, ಅವರನ್ನೇ ಜೊತೆಗೆ ನಿಲ್ಲಿಸಿಕೊಂಡು, ಪ್ರತಿ ಕೋಣೆಯ ಗೋಡೆ, ತೊಲೆ, ನೆಲದ ಫೋಟೊ ತೆಗೆಯಿರಿ. ಇರುವ ಬಿರುಕುಗಳ ಉದ್ದ ಅಗಲ ಬರೆದು, ತಾರೀಕು ಹಾಕಿ, ಇಬ್ಬರೂ ಸಹಿ ಮಾಡಿ. ಇದಕ್ಕೆ ಅರ್ಧ ದಿನ ಸಾಕು. ಮುಂದೆ "ಈ ಬಿರುಕು ಮೊದಲೇ ಇತ್ತು", "ಇಲ್ಲ, ನಿಮ್ಮಿಂದಲೇ ಬಂತು" ಎಂಬ ವರ್ಷಗಟ್ಟಲೆಯ ವ್ಯಾಜ್ಯವನ್ನು ಆ ಅರ್ಧ ದಿನ ಉಳಿಸುತ್ತದೆ. ಅಜ್ಜಿಗೂ ತನ್ನನ್ನು ಯಾರೋ ಕೇಳಿದರು ಎಂಬ ಸಮಾಧಾನ ಇರುತ್ತದೆ.

ನೆಲದೊಳಗಿನ ಪೈಪು, ಕೇಬಲ್ಲುಗಳ ಕಥೆಯೂ ಹೀಗೆಯೇ. ಕುಡಿಯುವ ನೀರಿನ ಪೈಪು, ಒಳಚರಂಡಿ, ಕರೆಂಟಿನ ಕೇಬಲ್, ಈಗ ಅಡುಗೆ ಅನಿಲದ ಕೊಳವೆ, ಇಂಟರ್ನೆಟ್ಟಿನ ಫೈಬರ್. ಜೆಸಿಬಿಯ ಹಲ್ಲಿಗೆ ಯಾವುದು ಮೊದಲು ಸಿಕ್ಕೀತು ಎಂದು ಹೇಳಲಾಗದು. ಪಾಲಿಸಿಯ ರೂಢಿಯ ಷರತ್ತು ಹೀಗಿದೆ: ಅಗೆಯುವ ಮೊದಲು ಸಂಬಂಧಪಟ್ಟ ಇಲಾಖೆಗಳಲ್ಲಿ ಅವುಗಳ ನಿಖರ ಜಾಗವನ್ನು ವಿಚಾರಿಸಿರಬೇಕು. ವಿಚಾರಿಸಿದ್ದರೂ ಸಿಗುವುದು ಪೈಪು, ಕೇಬಲ್ ರಿಪೇರಿಯ ಖರ್ಚು. ಫೈಬರ್ ಕತ್ತರಿಸಿ ಆ ಬೀದಿಯ ಕಚೇರಿಗಳ ಒಂದು ದಿನದ ವ್ಯವಹಾರ ನಿಂತುಹೋದರೆ ಆ ನಷ್ಟ ಇದರಲ್ಲಿ ಸೇರುವುದಿಲ್ಲ.

ಇನ್ನು ಒಳಗಿನವರ ಮಾತಿಗೆ ಬರೋಣ, ಏಕೆಂದರೆ ಸಾಯುವವರಲ್ಲಿ ಹೆಚ್ಚಿನವರು ಅವರೇ. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆಯ ನಡುವೆ ಕುಸಿದ ನಿರ್ಮಾಣ ಹಂತದ ಕಟ್ಟಡದ ಕೆಳಗೆ ಸಿಕ್ಕಿದವರು ದೂರದ ಊರುಗಳಿಂದ ಬಂದ ಕೂಲಿಗಳು. ಅವರಿಗೆ ಬೇಕಾದದ್ದು ವರ್ಕ್‌ಮೆನ್ ಪಾಲಿಸಿ ಎಂದು ಎಲ್ಲರೂ ಕರೆಯುವ, ನೌಕರರ ಪರಿಹಾರದ ವಿಮೆ. 1923ರ ನೌಕರರ ಪರಿಹಾರ ಕಾಯ್ದೆಯ ಲೆಕ್ಕ ಹೀಗಿತ್ತು: ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 2020ರ ಜನವರಿಯ ಅಧಿಸೂಚನೆಯಂತೆ ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ತಿಂಗಳಿಗೆ ಗರಿಷ್ಠ 15,000 ರೂಪಾಯಿ. ಮೂವತ್ತು ವರ್ಷದವನ ಅಂಕಿ 207.98. ಅಂದರೆ 7,500ನ್ನು 207.98ರಿಂದ ಗುಣಿಸಿದಾಗ ಬರುವ 15,59,850 ರೂಪಾಯಿ. ಈ ಹಣವನ್ನು ಒಂದು ತಿಂಗಳೊಳಗೆ ಕಟ್ಟದಿದ್ದರೆ ಶೇ. 12ರ ಬಡ್ಡಿ, ಸಕಾರಣವಿಲ್ಲದೆ ತಡಮಾಡಿದರೆ ಮೊತ್ತದ ಅರ್ಧದವರೆಗೆ ದಂಡ. ನೌಕರರ ಪರಿಹಾರದ ಈ ಅಧ್ಯಾಯವನ್ನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ.

1923ರ ಕಾಯ್ದೆಯ ಹನ್ನೆರಡನೇ ಕಲಮಿನಲ್ಲಿದ್ದ ನಿಯಮ ಗುತ್ತಿಗೆ ಕೊಟ್ಟವರ ನಿದ್ದೆ ಕೆಡಿಸಬೇಕು. ತನ್ನ ವ್ಯಾಪಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟವರ ಮೇಲೆ ಆ ಗುತ್ತಿಗೆದಾರರ ಕೂಲಿಯವನು ನೇರವಾಗಿ ಪರಿಹಾರ ಕೇಳಬಹುದು. ಕೊಟ್ಟವರು ಮೊದಲು ತೆತ್ತು, ಆಮೇಲೆ ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಬೇಕು. ಬಾರ್ ಬೆಂಡಿಂಗ್ ಒಬ್ಬರಿಗೆ, ಸೆಂಟ್ರಿಂಗ್ ಒಬ್ಬರಿಗೆ, ಟೈಲ್ಸ್ ಇನ್ನೊಬ್ಬರಿಗೆ ಹಂಚಿ, "ಅವರವರ ಲೇಬರ್ ಅವರವರದು" ಎಂದು ಕುಳಿತ ಮುಖ್ಯ ಗುತ್ತಿಗೆದಾರರಿಗೆ ಇದು ಅನ್ವಯಿಸುತ್ತದೆ. ಪಾಲಿಸಿಯಲ್ಲಿ ಉಪಗುತ್ತಿಗೆಯ ಕೂಲಿಗಳೂ ಸೇರಿದ್ದಾರೆಯೇ ಎಂಬುದು ಮೊದಲ ಪ್ರಶ್ನೆ, ತೋರಿಸಿದ ಕೂಲಿ ನಿಜವಾದದ್ದೇ ಎಂಬುದು ಎರಡನೆಯದು. ಹತ್ತು ಜನರ ಹೆಸರಲ್ಲಿ ಪಾಲಿಸಿ ಮಾಡಿ ನಲವತ್ತು ಜನರನ್ನು ಮೇಲೆ ಹತ್ತಿಸಿದರೆ ಪರಿಹಾರದ ದಿನ ಲೆಕ್ಕ ತಪ್ಪುತ್ತದೆ.

ಕೆಲವು ದುರಂತಗಳು ಒಳಗಿನವರು, ಹೊರಗಿನವರು ಎಂಬ ಗೆರೆಯನ್ನೇ ಅಳಿಸಿಬಿಡುತ್ತವೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಮೇಲೆ ಕಟ್ಟುವ ಕೆಲಸ ನಡೆಯುತ್ತಿದ್ದಾಗಲೇ ಕೆಳಗೆ ಅಂಗಡಿಗಳು ತೆರೆದಿದ್ದ ವಾಣಿಜ್ಯ ಕಟ್ಟಡ ಕುಸಿಯಿತು, 19 ಜನ ಸತ್ತರು. ಇನ್ನು ಕೆಲವದರಲ್ಲಿ ಬಲಿಯಾಗುವವರು ಹೊರಗಿನವರೇ. 2023ರ ಜನವರಿ 10ರಂದು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ಕಂಬಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಸರಳುಗಳ ಪಂಜರ ರಸ್ತೆಗೆ ಬಿತ್ತು. ಬೈಕಿನಲ್ಲಿ ಹೋಗುತ್ತಿದ್ದ ಕುಟುಂಬದ ತಾಯಿ ಮತ್ತು ಪುಟ್ಟ ಮಗು ಸತ್ತರು. ಆ ಬೈಕು ರಸ್ತೆಗಿಳಿಯಲು ಥರ್ಡ್ ಪಾರ್ಟಿ ವಿಮೆ ಇರಲೇಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. 1939ರ ಕಾಯ್ದೆಯ ಕಾಲದಿಂದಲೂ ಅದು ಕಡ್ಡಾಯ. ಎದುರಿಗೆ ಬಂದವರನ್ನು ಬೈಕು ಗುದ್ದಿದರೆ ಅವರ ಮನೆಯವರು ಬರಿಗೈಯಲ್ಲಿ ಹೋಗಬಾರದು ಎಂಬ ಕಾಳಜಿ. ರಸ್ತೆ ಬದಿಯಲ್ಲಿ ಟನ್ನುಗಟ್ಟಲೆ ಕಬ್ಬಿಣ ಎತ್ತುವವರಿಗೆ, ನೆಲ ಅಗೆಯುವವರಿಗೆ ಬೈಕಿಗಿರುವಂಥ ಒಂದು ದೇಶವ್ಯಾಪಿ ಕಡ್ಡಾಯವಿಲ್ಲ. ದೊಡ್ಡ ಯೋಜನೆಗಳ ಟೆಂಡರುಗಳಲ್ಲಿ ಇಲಾಖೆ ಮತ್ತು ಗುತ್ತಿಗೆದಾರರ ಜಂಟಿ ಹೆಸರಲ್ಲಿ ವಿಮೆ ಬೇಕೆಂಬ ಷರತ್ತು ರೂಢಿಯಲ್ಲಿದೆ. 2016ರ ರೇರಾ ಕಾಯ್ದೆಯ ಹದಿನಾರನೇ ಕಲಮು ಬಿಲ್ಡರ್‌ಗಳು ವಿಮೆ ಮಾಡಿಸಬೇಕು ಎನ್ನುತ್ತದೆ, ಆದರೆ ಯಾವ ವಿಮೆ ಎಂದು ಗೊತ್ತುಮಾಡುವುದನ್ನು ರಾಜ್ಯಗಳ ಅಧಿಸೂಚನೆಗೆ ಬಿಟ್ಟಿದೆ. ಸ್ವಂತಕ್ಕೆ ಮೂರು ಮಹಡಿ ಎಬ್ಬಿಸುವವರು ರೇರಾದ ಲೆಕ್ಕಕ್ಕೂ ಬರುವುದಿಲ್ಲ.

ವಿಮೆ ಎಲ್ಲಕ್ಕೂ ಮದ್ದು ಎಂದೂ ತಿಳಿಯಬಾರದು. ಪಾಲಿಸಿಯಲ್ಲಿ ಒಂದು ಅಪಘಾತಕ್ಕೆ ಇಷ್ಟು, ಇಡೀ ಅವಧಿಗೆ ಇಷ್ಟು ಎಂಬ ಎರಡು ಮಿತಿಗಳಿರುತ್ತವೆ, ಅದರ ಮೇಲಿನದು ನಿಮ್ಮ ಜೇಬಿನದು. ಪ್ರತಿ ಕ್ಲೇಮಿನಲ್ಲೂ ಮೊದಲ ಒಂದಷ್ಟು ಮೊತ್ತವನ್ನು ನೀವೇ ಹೊರಬೇಕು. ತಪ್ಪು ವಿನ್ಯಾಸದ ನಷ್ಟವನ್ನು ಸಾಮಾನ್ಯ ಪಾಲಿಸಿ ಹೊರಗಿಡುತ್ತದೆ. ಕಳಪೆ ಸಾಮಾನನ್ನು ಬದಲಿಸುವ ಖರ್ಚು ಸಿಗುವುದಿಲ್ಲ. ಕೈಯಲ್ಲಿ ಕಾಸು ಮುಗಿದು ಕೆಲಸ ನಿಂತಾಗ ಆ ನಿಲುಗಡೆಯಿಂದಾದ ನಷ್ಟಕ್ಕೂ ರಕ್ಷಣೆಯಿಲ್ಲ. ಕಟ್ಟಡ ಒಪ್ಪಿಸಿದ ದಿನಕ್ಕೆ ಪಾಲಿಸಿ ಮುಗಿಯುತ್ತದೆ, ದೋಷ ಸರಿಪಡಿಸುವ ಅವಧಿಗೂ ಬೇಕೆಂದರೆ ಅದನ್ನು ಬೇರೆ ಕೇಳಬೇಕು. ನಕ್ಷೆಯಲ್ಲಿ ಎರಡು ಮಹಡಿ, ನೆಲದ ಮೇಲೆ ನಾಲ್ಕು ಮಹಡಿ ಎಂಬಂಥ ಕಟ್ಟಡಗಳ ಮಾಲೀಕರು ಕ್ಲೇಮಿನ ದಿನ ಯಾವ ಮುಖ ಹೊತ್ತು ಹೋಗುತ್ತಾರೋ ಅವರೇ ಹೇಳಬೇಕು. ಕ್ರಿಮಿನಲ್ ಹೊಣೆಯನ್ನಂತೂ ಯಾವ ಕಂಪನಿಯೂ ಹೊರುವುದಿಲ್ಲ. ಅಜಾಗರೂಕತೆಯಿಂದ ಸಾವು ತಂದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲಿದೆ, ಅಲ್ಲಿಗೆ ಸ್ವತಃ ಹೋಗಬೇಕು.

ಅನಾಹುತವಾದ ದಿನ ಏನು ಮಾಡಬೇಕು ಎಂಬುದನ್ನೂ ಮೊದಲೇ ತಿಳಿದಿಟ್ಟುಕೊಳ್ಳಿ. ಕಂಪನಿಗೆ ಕೂಡಲೇ ತಿಳಿಸಬೇಕು. ಕಾರ್ ಪಾಲಿಸಿಯ ರೂಢಿಯ ಷರತ್ತಿನಂತೆ 14 ದಿನದೊಳಗೆ ಸುದ್ದಿ ಮುಟ್ಟದಿದ್ದರೆ ಕಂಪನಿಗೆ ಹೊಣೆಯಿಲ್ಲ. ಸರ್ವೇಯರ್ ಬರುವವರೆಗೆ ಬಿದ್ದದ್ದನ್ನು ಆದಷ್ಟು ಬಿದ್ದಂತೆಯೇ ಇಡಬೇಕು, ಜೀವ ಉಳಿಸಲು, ಮತ್ತಷ್ಟು ಕುಸಿಯದಂತೆ ತಡೆಯಲು ಬೇಕಾದಷ್ಟನ್ನು ಮಾತ್ರ ಸರಿಸಬೇಕು. ಕಂಪನಿಯ ಒಪ್ಪಿಗೆಯಿಲ್ಲದೆ "ತಪ್ಪು ನಮ್ಮದೇ, ಇಷ್ಟು ಕೊಡುತ್ತೇವೆ" ಎಂದು ಬರೆದುಕೊಡುವಂತಿಲ್ಲ. ಈ ಕೊನೆಯ ಷರತ್ತು ನಮ್ಮ ಜನರಿಗೆ ಇರಿಸುಮುರಿಸು ತರುತ್ತದೆ. ಪಕ್ಕದ ಮನೆಯವರ ಮುಂದೆ ಬಾಯಿ ಕಟ್ಟಿಕೊಂಡು ನಿಲ್ಲುವುದು ಹೇಗೆ? ಹಾಗೆ ನಿಲ್ಲಬೇಕಾಗಿಲ್ಲ. ಅಜ್ಜಿಯ ಮನೆಗೆ ಹೋಗಿ, ಊಟ ತೆಗೆದುಕೊಂಡು ಹೋಗಿ, ಮಲಗಲು ಜಾಗ ಮಾಡಿಕೊಡಿ, ಬಿರುಕು ಬಿಟ್ಟ ಗೋಡೆಗೆ ಆನಿಕೆ ಕೊಡಿಸಿ. ಮನುಷ್ಯರಾಗಿ ನಡೆದುಕೊಳ್ಳುವುದನ್ನು ಯಾವ ಪಾಲಿಸಿಯೂ ತಡೆಯುವುದಿಲ್ಲ. ಮೊತ್ತ ನಮೂದಿಸಿದ ಕಾಗದಕ್ಕೆ ಸಹಿ ಹಾಕುವುದನ್ನು ಮಾತ್ರ ಸರ್ವೇಯರ್ ಬಂದು ಹೋಗುವವರೆಗೆ ತಡೆದುಕೊಳ್ಳಿ.

ನೆನಪಿಡಬೇಕಾದ ಇನ್ನೊಂದು ಸಂಗತಿ: ವಿಮಾ ಕಾಯ್ದೆಯ 64ವಿಬಿ ಕಲಮಿನಂತೆ ಪ್ರೀಮಿಯಂ ಕಟ್ಟಿದ ಮೇಲೆಯೇ ರಕ್ಷಣೆ ಶುರು. "ಏಜೆಂಟರಿಗೆ ಹೇಳಿದ್ದೀನಿ, ನಾಳೆ ಕಳಿಸ್ತಾರೆ" ಎನ್ನುತ್ತಾ ಇವತ್ತು ಜೆಸಿಬಿ ಇಳಿಸಿದರೆ, ಇವತ್ತಿನ ಗುಂಡಿ ಪೂರ್ತಿ ನಿಮ್ಮದೇ.

ಗುತ್ತಿಗೆದಾರರು ಏಕೆ ಈ ವಿಮೆ ಮಾಡಿಸುವುದಿಲ್ಲ ಎಂದು ಅವರನ್ನು ಬೈಯುವುದು ಸುಲಭ. ಚದರಡಿಗೆ ಐವತ್ತು ರೂಪಾಯಿ ಕಡಿಮೆ ಹೇಳಿದವರ ಕಡೆಗೆ ತಿರುಗುವವರು ನಾವೇ. ವಿಮೆಯ ಖರ್ಚನ್ನು ಸೇರಿಸಿ ರೇಟು ಹೇಳಿದ ಪ್ರಾಮಾಣಿಕರು ಕೆಲಸ ಕಳೆದುಕೊಳ್ಳುತ್ತಾರೆ, ಸೇರಿಸದವರು ಗೆಲ್ಲುತ್ತಾರೆ. ಲೇಬರ್ ಕಂಟ್ರಾಕ್ಟ್ ಎಂದರೆ ಎಷ್ಟೋ ಕಡೆ ಒಂದು ಬಿಳಿ ಹಾಳೆಯಲ್ಲಿ ರೇಟು ಮತ್ತು ಹಣ ಕೊಡುವ ಹಂತಗಳು ಅಷ್ಟೇ. ಗೋಡೆ ಬಿದ್ದರೆ ಯಾರು ಎಂಬ ಸಾಲಿಗೆ ಆ ಹಾಳೆಯಲ್ಲಿ ಜಾಗ ಇರುವುದಿಲ್ಲ. ಮನೆಗೆ ಲಕ್ಷಗಟ್ಟಲೆಯ ಇಟಾಲಿಯನ್ ಮಾರ್ಬಲ್ ಹಾಕಿಸುವವರು ಈ ವಿಮೆಯ ಪ್ರೀಮಿಯಂ ಕೇಳಿದಾಗ ಮಾತ್ರ ಹುಬ್ಬೇರಿಸುತ್ತಾರೆ.

ಹೀಗಿರುವಾಗ ದಾರಿ ಎರಡು. ಒಂದು ಸರ್ಕಾರದ್ದು: ನಕ್ಷೆ ಮಂಜೂರು ಮಾಡುವ ಮೇಜಿನ ಮೇಲೆಯೇ, ಸೆಲ್ಲಾರು ಅಗೆಯುವವರಿಂದ ಆಸರೆ ತೆಗೆದ ಹಾನಿಯನ್ನೂ ಒಳಗೊಂಡ ಹೊಣೆ ವಿಮೆಯ ಪ್ರತಿಯನ್ನು ಕೇಳಬೇಕು. ಮುಚ್ಚಳಿಕೆ ಬರೆಸಿಕೊಂಡರೆ ಸಾಲದು, ಅದು ಕೂಡ "ಏನೂ ಆಗಲ್ಲ ಅಜ್ಜಿ" ಎಂಬ ಮಾತಿನ ಛಾಪಾ ಕಾಗದದ ರೂಪ. ಬೈಕಿನ ವಿಷಯದಲ್ಲಿ ಮಾಡಿದ್ದನ್ನು ಗುಂಡಿಯ ವಿಷಯದಲ್ಲಿ ಮಾಡಲಾಗದು ಎನ್ನಲು ಕಾರಣ ಕಾಣದು.

ಇನ್ನೊಂದು ನಮ್ಮದು. ಮನೆ ಕಟ್ಟಿಸುವವರು ಗುದ್ದಲಿ ಪೂಜೆಯ ಹಿಂದಿನ ದಿನ ಗುತ್ತಿಗೆದಾರರನ್ನು ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿ. ಕಾರ್ ಪಾಲಿಸಿಯಲ್ಲಿ ಎರಡನೆಯ ಭಾಗ ಇದೆಯೇ, ಮಾಲೀಕರ ಹೆಸರೂ ಅದರಲ್ಲಿ ಇದೆಯೇ? ಕಂಪನ ಮತ್ತು ಆಸರೆ ತೆಗೆದ ಹಾನಿಯನ್ನು ಎಂಡಾರ್ಸ್‌ಮೆಂಟ್ ಮಾಡಿಸಿದ್ದೀರಾ? ಉಪಗುತ್ತಿಗೆಯವರೂ ಸೇರಿ ಎಲ್ಲ ಕೂಲಿಗಳಿಗೂ ವರ್ಕ್‌ಮೆನ್ ಪಾಲಿಸಿ ಇದೆಯೇ? ಪ್ರೀಮಿಯಂ ಕಟ್ಟಿದ ರಸೀತಿ ಎಲ್ಲಿ? ನಾಲ್ಕಕ್ಕೂ ಕಾಗದ ತೋರಿಸುವ ಗುತ್ತಿಗೆದಾರರು ಚದರಡಿಗೆ ಐವತ್ತು ರೂಪಾಯಿ ಹೆಚ್ಚು ಕೇಳಿದರೆ ಕೊಟ್ಟುಬಿಡಿ. ಪಕ್ಕದ ಮನೆಯಲ್ಲಿ ಕುಳಿತು ಇದನ್ನು ಓದುತ್ತಿರುವವರು ನೀವಾಗಿದ್ದರೆ, ನಾಳೆ ಜೆಸಿಬಿ ಬಂದಾಗ ಕಾಂಪೌಂಡಿನ ಮೇಲಿಂದ ಇಣುಕಿ "ಏನಪ್ಪಾ ಹೀಗೆ ಮಾಡ್ತಿದ್ದೀರಿ" ಎಂದು ಕೇಳುವ ಬದಲು, "ಪಾಲಿಸಿಯ ಒಂದು ಜೆರಾಕ್ಸ್ ಕೊಡಪ್ಪಾ" ಎಂದು ಕೇಳಿ.